ತಡೆದ ಜೋಗುಳ, ಹುಟ್ಟಿದ ಭಾಷೆ

ಭಾಷೆಯನ್ನು ಉಳಿಸುವುದು ಸರ್ಕಾರದ ಕೆಲಸವೆಂದು ನಂಬಿರುವ ನಾವು ಎಲಿಯೇಜರ್ ಬೆನ್ ಯೆಹೂದಾ ಅವರ ಬದುಕನ್ನು ಒಮ್ಮೆ ಗಮನಿಸಬೇಕು. 1858ರಲ್ಲಿ, ಇಂದು ಬೆಲಾರುಸ್‌ಗೆ ಸೇರಿರುವ ಲುಜ್ಕಿಯಲ್ಲಿ ಹುಟ್ಟಿದ ಅವರ ಮನೆಮಾತು ಯಿಡ್ಡಿಷ್. ಆಗ ಹೀಬ್ರೂ ಪ್ರಾರ್ಥನೆ ಮತ್ತು ಪಾಂಡಿತ್ಯದ ಭಾಷೆ. ಶತಮಾನಗಳಿಂದ ಅದು ಯಾವ ಮಗುವಿಗೂ ತಾಯಿನುಡಿಯಾಗಿರಲಿಲ್ಲ. ವೈದ್ಯಕೀಯ ಓದಲೆಂದು ಪ್ಯಾರಿಸ್ಸಿಗೆ ಹೋಗಿ ಕ್ಷಯಕ್ಕೆ ತುತ್ತಾದ ಬೆನ್ ಯೆಹೂದಾ, 1881ರಲ್ಲಿ ಪತ್ನಿ ಡೆಬೋರಾ ಅವರೊಡನೆ ಜೆರುಸಲೇಮಿನಲ್ಲಿ ನೆಲೆಸಿದರು. ಮನೆಯೊಳಗೆ ಹೀಬ್ರೂ ಹೊರತು ಬೇರೆ ಮಾತು ಕೂಡದೆಂದು ನಿಯಮ ಮಾಡಿದರು.

1882ರಲ್ಲಿ ಮಗ ಬೆನ್ ಜಿಯೋನ್ ಹುಟ್ಟಿದ. ಅನ್ಯಭಾಷೆ ಕಿವಿಗೆ ಬೀಳಬಾರದೆಂದು ಮಗುವನ್ನು ಓರಗೆಯವರಿಂದ ದೂರವಿರಿಸಿದರು. ಮೂರು ವರ್ಷ ತುಂಬಿದರೂ ಅವನು ಮಾತನಾಡಲಿಲ್ಲ. ತಾಯಿ ರಷ್ಯನ್ ಜೋಗುಳ ಹಾಡುವುದನ್ನು ಕೇಳಿ ತಂದೆ ಕೂಗಾಡಿದರೆಂದೂ, ಬೆದರಿದ ತಾನು ಆಗಲೇ ಮೊದಲ ಬಾರಿಗೆ ಬಾಯಿಬಿಟ್ಟೆನೆಂದೂ ಆ ಮಗ ಮುಂದೆ ನೆನೆದಿದ್ದಾರೆ.

ಮಗುವಿನೊಡನೆ ಆಡಲು ಎಷ್ಟೋ ವಸ್ತುಗಳಿಗೆ ಹೆಸರೇ ಇರಲಿಲ್ಲ. ಗೊಂಬೆಗೆ ಬೂಬಾ, ಐಸ್‌ಕ್ರೀಮಿಗೆ ಗ್ಲಿದಾ, ನಿಘಂಟಿಗೆ ಮಿಲೋನ್ ಎಂದು ತಂದೆ ಪದಗಳನ್ನು ಕಟ್ಟಿದರು. 1884ರಲ್ಲಿ ಆರಂಭಿಸಿದ ಪತ್ರಿಕೆಯ ಮೂಲಕ ಹೊಸ ಪದಗಳನ್ನು ಹರಡಿದರು. ದೇವಭಾಷೆಯನ್ನು ಅಡುಗೆಮನೆಗೆ ಎಳೆತಂದರೆಂದು ಸಂಪ್ರದಾಯಸ್ಥರು ಬಹಿಷ್ಕಾರ ಹಾಕಿದರು. 1891ರಲ್ಲಿ ಡೆಬೋರಾ ಕ್ಷಯದಿಂದ ತೀರಿಕೊಂಡರು; ಬೆನ್ನಲ್ಲೇ ಮೂವರು ಮಕ್ಕಳು ಗಂಟಲಮಾರಿಗೆ ಬಲಿಯಾದರು. ಡೆಬೋರಾ ಅವರ ತಂಗಿ ಹೆಮ್ದಾ ಎರಡನೆಯ ಪತ್ನಿಯಾಗಿ ಬಂದು ನಿಘಂಟಿನ ಕೆಲಸಕ್ಕೆ ಹೆಗಲಾದರು. 1922ರಲ್ಲಿ ಪ್ಯಾಲೆಸ್ತೀನಿನ ಬ್ರಿಟಿಷ್ ಆಡಳಿತ ಹೀಬ್ರೂವನ್ನು ಅಧಿಕೃತ ಭಾಷೆಗಳಲ್ಲೊಂದಾಗಿ ಮಾನ್ಯಮಾಡಿತು. ಅದೇ ವರ್ಷ ಡಿಸೆಂಬರ್ 16ರಂದು ಬೆನ್ ಯೆಹೂದಾ ನಿಧನರಾದರು. ಅವರ ನಿಘಂಟು 17 ಸಂಪುಟಗಳಲ್ಲಿ ಪೂರ್ಣಗೊಂಡದ್ದು 1959ರಲ್ಲಿ. ಅವರೊಬ್ಬರಿಂದಲೇ ಹೀಬ್ರೂ ಬದುಕಿತೆನ್ನುವುದು ಉತ್ಪ್ರೇಕ್ಷೆ. ಶಾಲೆಗಳ ಶಿಕ್ಷಕರ ಪಾಲು ದೊಡ್ಡದು. ಆದರೆ ಆ ಭಾಷೆಗೆ ಮನೆಯ ಬಾಗಿಲು ತೆರೆದವರಲ್ಲಿ ಅವರು ಮೊದಲಿಗರು.

ಹುನ್ನೂರಿನವನಾದ ನನಗೆ ಈ ಬದುಕು ದೂರದ್ದೆನಿಸುವುದಿಲ್ಲ. ಸಮೀಪದ ಜಮಖಂಡಿಯಲ್ಲಿ 1948ರವರೆಗೆ ಮರಾಠಿ ಮಾತಿನ ಪಟವರ್ಧನರ ಆಳ್ವಿಕೆಯಿತ್ತು. ಆ ಕಾಲದುದ್ದಕ್ಕೂ ಇಲ್ಲಿ ಕನ್ನಡವನ್ನು ಕಾಯ್ದದ್ದು ತೊಟ್ಟಿಲ ಹಾಡು, ಬೀಸುಕಲ್ಲಿನ ಹಾಡು. ಯಾರ ಆಜ್ಞೆಯೂ ಅಲ್ಲ. ಇಂದು ಯಾವ ಅರಸನ ಒತ್ತಾಯವೂ ಇಲ್ಲದೆ, ನಮಗೇ ಸರಿಯಾಗಿ ಒಲಿಯದ ಇಂಗ್ಲಿಷಿನಲ್ಲಿ ಮಕ್ಕಳನ್ನು ಮುದ್ದಿಸಲು ಹೊರಟಿದ್ದೇವೆ. ಬೆನ್ ಯೆಹೂದಾ ಇಲ್ಲದ ಮನೆಮಾತನ್ನು ಕಟ್ಟಲು ಹಟ ಹಿಡಿದರು. ನಾವು ಇರುವುದನ್ನು ಕೈಬಿಡಲು ಅಷ್ಟೇ ಹಟ ಹಿಡಿದಿದ್ದೇವೆ. ಅವರ ಸಾಧನೆಯನ್ನು ನಾನು ಗೌರವಿಸುತ್ತೇನೆ. ಆದರೆ ಜೋಗುಳಕ್ಕೆ ಹಾಕಿದ ತಡೆಯನ್ನು ಒಪ್ಪಲಾರೆ. ಮಗುವಿಗೆ ಯಾವ ಭಾಷೆಯೆಂದು ತೀರ್ಮಾನಿಸುವವರು ಹಿರಿಯರು. ಮಾತು ಬಾರದೆ ಕಾಯುವುದು ಮಾತ್ರ ಮಗು.