ಬೊರಿವಲಿಯ ಬಂಡೆಯಲ್ಲಿ ನೃಪತುಂಗ

ಅಮೋಘವರ್ಷ ನೃಪತುಂಗನ ಹೆಸರು ಕೇಳದ ಕನ್ನಡಿಗರು ವಿರಳ. ಆದರೆ ನಮ್ಮ ಮುಂಬಯಿಗೂ ಅವನಿಗೂ ನಂಟಿದೆ ಎಂದು ನಾನು ಹೇಳಿದಾಗ ಸಂಘದ ಎಷ್ಟೋ ಗೆಳತಿಯರು ಅಚ್ಚರಿಪಟ್ಟಿದ್ದಾರೆ. ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳಲ್ಲಿ ಅವನ ಆಳ್ವಿಕೆಯ ಶಾಸನಗಳಿವೆ.

ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ಈ ಮಗ ಹುಟ್ಟಿದ್ದು ಅರಮನೆಯಲ್ಲಲ್ಲ. ತಂದೆ ದಂಡಯಾತ್ರೆಯಲ್ಲಿದ್ದಾಗ, ಸುಮಾರು 800ರಲ್ಲಿ, ನರ್ಮದೆಯ ಸೀಮೆಯ ಶ್ರೀಭವನದ ಬೀಡಿನಲ್ಲಿ. ಮೊದಲ ಹೆಸರು ಶರ್ವ. 814ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಸಾಮಂತರು ದಂಗೆ ಎದ್ದರು, ಸಿಂಹಾಸನವೇ ಕೈತಪ್ಪಿತು. ಗುಜರಾತ್ ಶಾಖೆಯ ದಾಯಾದಿ ಕರ್ಕ ನೆರವಿಗೆ ನಿಂತದ್ದರಿಂದ 821ರ ಹೊತ್ತಿಗೆ ರಾಜ್ಯ ಮರಳಿ ದೊರೆಯಿತು. ಮುಂದೆ 878ರವರೆಗೂ ಅವನೇ ದೊರೆ. ಒಟ್ಟು 64 ವರ್ಷಗಳ ಆಳ್ವಿಕೆ.

ಕಲಬುರಗಿ ಜಿಲ್ಲೆಯ ಕಾಗಿಣಾ ದಂಡೆಯಲ್ಲಿರುವ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಅವನ ರಾಜಧಾನಿ. ಅರಬ್ ವರ್ತಕ ಸುಲೈಮಾನನದೆನ್ನುವ 851ರ ವೃತ್ತಾಂತವು ಜಗತ್ತಿನ ನಾಲ್ವರು ದೊಡ್ಡ ದೊರೆಗಳಲ್ಲಿ ಖಲೀಫ, ಚೀನಾ ಮತ್ತು ರೂಮಿನ ಅರಸರ ಜೊತೆಗೆ ಈ ನಗರದ ಒಡೆಯನನ್ನೂ ಎಣಿಸಿದೆ.

ಇಷ್ಟು ದೊಡ್ಡ ರಾಜ್ಯವನ್ನು ಒಂದೇ ಊರಿನಲ್ಲಿ ಕುಳಿತು ನಡೆಸಲಾಗದು. ಬನವಾಸಿ 12000ವನ್ನು ಅವನು ನಂಬಿಕೆಯ ಸೇನಾನಿ ಬಂಕೇಶನಿಗೆ ವಹಿಸಿದ. ನಮ್ಮ ಕೊಂಕಣವನ್ನು ನೋಡಿಕೊಂಡವರು ಶಿಲಾಹಾರರು. ಕಾನ್ಹೇರಿಯ ಶಾಸನಗಳು ಅವರ ಕಾಲದವು: ಶಕ 765, 775 ಮತ್ತು 799. ಮೊದಲು ಪುಲ್ಲಶಕ್ತಿ, ಆಮೇಲೆ ಕಪರ್ದಿ, ಇಬ್ಬರೂ ಅಮೋಘವರ್ಷನನ್ನು ಒಡೆಯನೆಂದು ಒಪ್ಪಿಕೊಂಡಿದ್ದಾರೆ. ಬಂಗಾಳದ ಗೌಡದೇಶದಿಂದ ಬಂದ ಅವಿಘ್ನಾಕರ ಎಂಬ ಬೌದ್ಧ ಭಕ್ತ ಇಲ್ಲಿಯ ಭಿಕ್ಷುಗಳಿಗೆಂದು 100 ದ್ರಮ್ಮ ಹಣ ಇಟ್ಟ ವಿವರವೂ ಇದೆ. ದೊರೆಗೆ ಜೈನಧರ್ಮದ ಒಲವು, ಜಿನಸೇನಾಚಾರ್ಯರು ಗುರು. ವಿಹಾರ ಬೌದ್ಧರದು, ಶಾಸನದ ಭಾಷೆ ಸಂಸ್ಕೃತ. ಯಾವುದಕ್ಕೂ ಅಡ್ಡಿಯಿರಲಿಲ್ಲ. ಮರಾಠಿ, ಗುಜರಾತಿ, ಕನ್ನಡದವರು ಒಂದೇ ಕಟ್ಟಡದಲ್ಲಿ ಬಾಳುವ ನಮಗೆ ಇದು ಹೊಸತಲ್ಲ.

ಹೆಣ್ಣುಮಕ್ಕಳ ಪಾತ್ರವನ್ನೂ ಹೇಳಬೇಕು. ತಲಕಾಡಿನ ಗಂಗರೊಂದಿಗೆ ವರ್ಷಗಟ್ಟಲೆ ಯುದ್ಧ ನಡೆದರೂ ಬಗೆಹರಿಯಲಿಲ್ಲ. ಕೊನೆಗೆ ನೃಪತುಂಗ ಮಗಳು ಚಂದ್ರೋಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಬೀಗತನ ಬೆಳೆಸಿದ. ಆಕೆ ರಾಯಚೂರು ಸೀಮೆಯ ಆಡಳಿತವನ್ನೂ ನೋಡಿಕೊಂಡವಳು. ಸಂಧಿಯ ಭಾರ ಹೊತ್ತ ಆ ಮಗಳ ಹೆಸರನ್ನು ನಮ್ಮ ಪಾಠಗಳಲ್ಲಿ ನಾನು ಓದಿದ ನೆನಪಿಲ್ಲ.

ವಿರಾರ್, ಡಹಾಣು ದಾಟಿ ರೈಲಿನಲ್ಲಿ ಹೋದರೆ ಸಂಜಾನ್ ಸಿಗುತ್ತದೆ. ಅಲ್ಲಿ ದೊರೆತ 871ರ ತಾಮ್ರಪಟ ಇನ್ನೊಂದು ಸಂಗತಿ ತಿಳಿಸುತ್ತದೆ. ಪ್ರಜೆಗಳಿಗೆ ಒದಗಿದ ಆಪತ್ತು ನೀಗಲೆಂದು ಈ ದೊರೆ ತನ್ನ ಎಡಗೈ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. ಹೊಗಳಿಕೆಯ ಪಾಲು ಎಷ್ಟೇ ಇರಲಿ, ಜನರ ಕಷ್ಟಕ್ಕೆ ದೊರೆಯೇ ಬೆಲೆ ತೆರಬೇಕೆಂಬ ನಂಬಿಕೆ ಅಲ್ಲಿದೆ.

ಅದೇ ಕಾಲದಲ್ಲಿ ದೂರದ ಗ್ವಾಟೆಮಾಲಾದಲ್ಲಿ ಮಾಯಾ ಜನರ ತಿಕಾಲ್ ನಗರ ಬರಿದಾಗುತ್ತಿತ್ತು. ದೊರೆಗಳು ಕಾಲಗಣನೆ ಕೆತ್ತಿಸಿ ನಿಲ್ಲಿಸುತ್ತಿದ್ದ ಕಲ್ಲುಗಳಲ್ಲಿ ಅಲ್ಲಿಯ ಕೊನೆಯದು 869ರದು. ಮಾನ್ಯಖೇಟಕ್ಕೂ ಕೇಡು ತಪ್ಪಲಿಲ್ಲ. 972ರಲ್ಲಿ ಪರಮಾರ ಸೀಯಕ ಅದನ್ನು ಸೂರೆಗೈದ. ಇಂದು ಅಲ್ಲಿ ಉಳಿದಿರುವುದು ಹಳೆಯ ಕೋಟೆ, ಬಸದಿ, ಒಂದು ಹಳ್ಳಿ.

ಆದರೆ ಅವನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಉಳಿದಿದೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥವದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಅದು ಗುರುತಿಸಿತು. ಆ ಎಲ್ಲೆಯಾಚೆಯ ಕೊಂಕಣದಲ್ಲಿ ಅವನು ಸ್ಥಳೀಯರ ಕೈಗೆ ಆಡಳಿತ ಕೊಟ್ಟು, ಅವರ ರೀತಿಯಲ್ಲೇ ಬಾಳಲು ಬಿಟ್ಟ. ತನ್ನ ನುಡಿಯ ಮೇಲಿನ ಅಭಿಮಾನ, ಇನ್ನೊಬ್ಬರ ನುಡಿಗೆ ಗೌರವ: ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇವೆರಡೂ ಬೇಕು. ಕಾನ್ಹೇರಿಗೆ ಹೋದಾಗ ಈ ಹೆಸರನ್ನು ಮಕ್ಕಳಿಗೆ ತಪ್ಪದೆ ಹೇಳಿ.