ಜಾರ್ಜ್ ಸೈಮನ್ ಓಮ್

ಇಂದಿನ ಜರ್ಮನಿ ದೇಶದ ಬವೇರಿಯಾ ಪ್ರಾಂತಕ್ಕೆ ಸೇರಿರುವ ಎರ್ಲಾಂಗೆನ್ ಪಟ್ಟಣದಲ್ಲಿ ಬೀಗ ಮಾಡಿ ಜೀವಿಸುವ ಕುಶಲಕರ್ಮಿಯೊಬ್ಬನಿದ್ದನು. ಕ್ರಮವಾದ ವಿದ್ಯಾಭ್ಯಾಸ ಅವನಿಗೆ ದೊರೆತಿರಲಿಲ್ಲ. ಆದರೂ ಸ್ವಪ್ರಯತ್ನದಿಂದ ಗಣಿತವನ್ನೂ ವಿಜ್ಞಾನವನ್ನೂ ಕಲಿತಿದ್ದನು. 1789ರ ಮಾರ್ಚ್ 16ರಂದು ಅವನಿಗೆ ಜನಿಸಿದ ಮಗನೇ ಜಾರ್ಜ್ ಸೈಮನ್ ಓಮ್. ಹತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಈ ಬಾಲಕನಿಗೂ ಅವನ ತಮ್ಮ ಮಾರ್ಟಿನನಿಗೂ ತಂದೆಯೇ ಗುರುವಾದನು.

1805ರಲ್ಲಿ ಓಮ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಪಾಠಕ್ಕಿಂತ ನೃತ್ಯ, ಬಿಲಿಯರ್ಡ್ಸ್‌ಗಳಲ್ಲಿ ಅವನು ಹೆಚ್ಚು ಕಾಲ ಕಳೆಯುತ್ತಿರಲು, ತಂದೆ ನೊಂದು ಅವನನ್ನು ಓದಿನಿಂದ ಬಿಡಿಸಿದನು. ಸ್ವಿಟ್ಜರ್ಲೆಂಡಿನ ಶಾಲೆಯೊಂದರಲ್ಲಿ ಗಣಿತವನ್ನು ಬೋಧಿಸುತ್ತ ಓಮ್ ತಾನಾಗಿಯೇ ಅಧ್ಯಯನವನ್ನು ಮುಂದುವರಿಸಿ, 1811ರಲ್ಲಿ ಡಾಕ್ಟರೇಟ್ ಪದವಿಯನ್ನು ಗಳಿಸಿದನು. 1817ರಲ್ಲಿ ಕೊಲೋನ್ ನಗರದ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾದನು. ಅಲ್ಲಿ ಒಳ್ಳೆಯ ಪ್ರಯೋಗಶಾಲೆಯಿದ್ದಿತು.

ತಂತಿಯಲ್ಲಿ ಹರಿಯುವ ವಿದ್ಯುತ್ತು ಯಾವ ನಿಯಮಕ್ಕೆ ಒಳಪಟ್ಟಿದೆ? ಈ ಪ್ರಶ್ನೆ ಅವನನ್ನು ಕಾಡುತ್ತಿದ್ದಿತು. ಆ ಕಾಲದ ವಿದ್ಯುತ್ಕೋಶಗಳ ಬಲ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಮೂಲವೇ ಚಂಚಲವಾದರೆ ಅಳತೆ ನಿಖರವಾಗುವುದು ಹೇಗೆ? ಆದುದರಿಂದ ಅವನು ಬಿಸ್ಮತ್ ಮತ್ತು ತಾಮ್ರಗಳನ್ನು ಬೆಸೆದು, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿ ಸ್ಥಿರವಾದ ವಿದ್ಯುತ್ತನ್ನು ಪಡೆದನು. ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ತೂಗುಬಿಟ್ಟ ಕಾಂತಸೂಚಿಯ ನೆರವಿನಿಂದ ಪ್ರವಾಹವನ್ನು ಅಳೆದನು. ಮಂಡಲದ ಒಟ್ಟು ರೋಧ ಎರಡರಷ್ಟಾದರೆ ಪ್ರವಾಹ ಅರ್ಧಕ್ಕಿಳಿಯುವುದೆಂದು ಸ್ಪಷ್ಟವಾಯಿತು. ಉಷ್ಣತೆ ಬದಲಾಗದಿದ್ದರೆ ಲೋಹದ ತಂತಿಯಲ್ಲಿ ಪ್ರವಾಹವು ವಿಭವಾಂತರಕ್ಕೆ ಅನುಪಾತದಲ್ಲಿರುತ್ತದೆ. ಇದೇ ಓಮ್‌ನ ನಿಯಮ.

ಇದರ ಉಪಯೋಗವನ್ನು ನೋಡಿರಿ. 230 ವೋಲ್ಟ್ ವಿಭವಾಂತರದಲ್ಲಿ ಒಂದು ಇಸ್ತ್ರಿಪೆಟ್ಟಿಗೆ 2 ಆಂಪೇರ್ ಪ್ರವಾಹವನ್ನು ಸೆಳೆಯುತ್ತದೆ ಎನ್ನೋಣ. ವೋಲ್ಟನ್ನು ಆಂಪೇರಿನಿಂದ ಭಾಗಿಸಿದರೆ ಅದರ ರೋಧ 115 ಓಮ್ ಎಂದು ದೊರೆಯುತ್ತದೆ. ಅವೆರಡನ್ನೂ ಗುಣಿಸಿದರೆ ದೊರೆಯುವ 460 ವಾಟ್ ಅದರ ಸಾಮರ್ಥ್ಯ. ರೋಧವುಳ್ಳ ತಂತಿಯಲ್ಲಿ ಉಂಟಾಗುವ ಉಷ್ಣದ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಜೌಲ್ 1841ರಲ್ಲಿ ಪ್ರಕಟಿಸಿದನು.

ಓಮ್ ತನ್ನ ಸಂಶೋಧನೆಯನ್ನು 1827ರಲ್ಲಿ ಗ್ರಂಥರೂಪದಲ್ಲಿ ಹೊರತಂದನು. ಇದಕ್ಕಾಗಿ ಅರ್ಧ ಸಂಬಳದ ಮೇಲೆ ರಜೆ ಪಡೆದು ಬರ್ಲಿನ್ನಿನಲ್ಲಿ ಶ್ರಮಿಸಿದ್ದನು. ವಿಶ್ವವಿದ್ಯಾನಿಲಯದಲ್ಲಿ ಸ್ಥಾನ ದೊರೆಯುವುದೆಂಬ ಆಸೆ ಅವನದಾಗಿದ್ದಿತು. ಆದರೆ ಗಣಿತಮಯವಾದ ಆ ಗ್ರಂಥವನ್ನು ಅಂದಿನ ಪಂಡಿತರು ಆದರಿಸಲಿಲ್ಲ, ಕೆಲವರು ಹಳಿದರು. ನೊಂದ ಓಮ್ 1828ರಲ್ಲಿ ಕೊಲೋನ್‌ನ ಉದ್ಯೋಗಕ್ಕೆ ರಾಜೀನಾಮೆಯಿತ್ತು, ಬರ್ಲಿನ್ನಿನಲ್ಲಿ ಅಲ್ಪ ಸಂಪಾದನೆಯಿಂದ ಕೆಲವು ವರ್ಷ ದಿನ ದೂಡಿದನು. 1833ರಲ್ಲಿ ನ್ಯೂರೆಂಬರ್ಗಿನ ತಾಂತ್ರಿಕ ಶಾಲೆಯಲ್ಲಿ ಅವನಿಗೆ ಆಶ್ರಯ ದೊರೆಯಿತು.

ತಾಯ್ನಾಡು ತಡವಾಗಿ ಗುರುತಿಸಿದ ಪ್ರತಿಭೆಯನ್ನು ಪರದೇಶ ಮೊದಲು ಗೌರವಿಸಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕವನ್ನಿತ್ತಿತು. ಬಯಸಿದ್ದ ಪ್ರಾಧ್ಯಾಪಕ ಪದವಿ ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ದೊರೆತುದು 1852ರಲ್ಲಿ. ಆಗ ಅವನಿಗೆ ಅರುವತ್ತಮೂರು ವರ್ಷ. ಎರಡೇ ವರ್ಷಗಳ ಬಳಿಕ, 1854ರ ಜುಲೈ 6ರಂದು, ಅವನು ಕಾಲವಾದನು. 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ರೋಧದ ಏಕಮಾನಕ್ಕೆ ಓಮ್ ಎಂಬ ಹೆಸರನ್ನು ಅಂಗೀಕರಿಸಿತು. ಅವನ ಗ್ರಂಥವನ್ನು ಹಳಿದವರ ಹೆಸರುಗಳು ಮರೆತುಹೋಗಿವೆ. ಬೀಗ ಮಾಡುವವನ ಮಗನ ಹೆಸರು ಜಗತ್ತಿನ ಎಲ್ಲ ಪ್ರಯೋಗಶಾಲೆಗಳಲ್ಲಿಯೂ ನಿತ್ಯವೂ ಕೇಳಿಬರುತ್ತಿದೆ.