ತಾಯಿಹಾಲಿನ ಸಕ್ಕರೆಯ ಗುಟ್ಟು ಬಿಡಿಸಿದ ಡಾ. ಗ್ಯೋರ್ಗಿ

ತಿಂಗಳು ತುಂಬದೆ ಹುಟ್ಟಿದ ಶಿಶುಗಳಲ್ಲಿ ಹೆಚ್ಚಿನವಕ್ಕೆ ಮೊದಲ ವಾರದಲ್ಲಿ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಅದನ್ನು ತಗ್ಗಿಸಲು ‘ಪ್ರಿಬಯೋಟಿಕ್’ ಎಂಬ ಸಕ್ಕರೆಗಳನ್ನು ಹಾಲಿಗೆ ಬೆರೆಸಿ ಕೊಡುವ ಪ್ರಯೋಗಗಳು ನಡೆದಿವೆ. ಈ ಹೆಸರು ಬಂದುದು 1995ರಲ್ಲಿ. ಆದರೆ ಅದರ ಮೂಲತತ್ತ್ವವನ್ನು ತಾಯಿಹಾಲಿನಲ್ಲೇ ಕಂಡುಕೊಂಡ ಮಕ್ಕಳ ವೈದ್ಯ ಡಾ. ಪಾಲ್ ಗ್ಯೋರ್ಗಿ ಆ ಹೊತ್ತಿಗೆ ತೀರಿಹೋಗಿ ಸುಮಾರು ಇಪ್ಪತ್ತು ವರ್ಷಗಳಾಗಿದ್ದವು.

ಗ್ಯೋರ್ಗಿ 1893ರಲ್ಲಿ ಹಂಗೇರಿಯ ನಾಜ್ಯ್‌ವಾರಾದ್ ಪಟ್ಟಣದಲ್ಲಿ ಹುಟ್ಟಿದರು. ಇಂದು ಅದು ರುಮೇನಿಯದ ಒರಾದ್ಯ. ಊರು ಇದ್ದಲ್ಲೇ ಇದೆ, ಗಡಿ ಮಾತ್ರ ಸರಿದಿದೆ. ಗಡಿನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬುಡಾಪೆಸ್ಟಿನಲ್ಲಿ ವೈದ್ಯ ಪದವಿ ಪಡೆದು, 1920ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋಗಿ ಎರ್ನ್‌ಸ್ಟ್ ಮೊರೊ ಅವರ ಸಹಾಯಕರಾದರು. ಶಿಶುಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಮೊದಲು ಶೋಧಿಸಿದ ಥಿಯೋಡೋರ್ ಎಶರಿಕ್ ಅವರ ಶಿಷ್ಯರೇ ಈ ಮೊರೊ. 1933ರಲ್ಲಿ ರಿಚರ್ಡ್ ಕೂನ್ ಮತ್ತು ವಾಗ್ನರ್‌-ಯಾವುರೆಗ್ ಜತೆ ಸೇರಿ ಗ್ಯೋರ್ಗಿ ರೈಬೊಫ್ಲೇವಿನ್ ಜೀವಸತ್ವವನ್ನು ಬೇರ್ಪಡಿಸಿದರು. ಅದೇ ವರ್ಷ ಹಿಟ್ಲರನ ಆಡಳಿತ ಬಂತು. ಯೆಹೂದಿಯಾದ ಅವರು ಕೇಂಬ್ರಿಜ್‌ಗೆ ತೆರಳಬೇಕಾಯಿತು. ಮರುವರ್ಷ ‘ಬಿ-6’ ಜೀವಸತ್ವವನ್ನು ಗುರುತಿಸಿ ಹೆಸರಿಟ್ಟರು. ಕೂನ್‌ಗೆ 1938ರ ನೊಬೆಲ್ ದೊರೆಯಿತು, ಗ್ಯೋರ್ಗಿಗೆ ಸಿಗಲಿಲ್ಲ. ನ್ಯಾಯವೋ ಅಲ್ಲವೋ, ಓದುಗರೇ ಹೇಳಲಿ.

1935ರಲ್ಲಿ ಅಮೆರಿಕ ಸೇರಿದ ಗ್ಯೋರ್ಗಿ, ಮೊದಲು ಕ್ಲೀವ್‌ಲೆಂಡ್‌ನಲ್ಲಿಯೂ 1944ರಿಂದ ಫಿಲಡೆಲ್ಫಿಯದಲ್ಲಿಯೂ ದುಡಿದರು. ಮೊಲೆಹಾಲು ಕುಡಿಯುವ ಮಗುವಿನ ಕರುಳಿನಲ್ಲಿ ‘ಬಿಫಿಡಸ್’ ಎಂಬ ಉಪಕಾರಿ ಸೂಕ್ಷ್ಮಜೀವಿ ತುಂಬಿರುತ್ತದೆ, ಹಸುವಿನ ಹಾಲಿನ ಮಗುವಿನಲ್ಲಿ ಹಾಗಿರುವುದಿಲ್ಲ, ಏಕೆ ಎಂಬುದು ಅವರ ಪ್ರಶ್ನೆ. ಒಂದು ತಳಿಯ ಬಿಫಿಡಸ್, ತಾಯಿಹಾಲು ಬೆರೆಸಿದರೆ ಮಾತ್ರ ಚೆನ್ನಾಗಿ ಬೆಳೆಯುತ್ತಿತ್ತು. ಹಸುವಿನ ಹಾಲಿನಲ್ಲಿ ಆ ಶಕ್ತಿ ಬಹಳ ಕಡಿಮೆ. 1950ರ ದಶಕದಲ್ಲಿ, ಹೈಡೆಲ್‌ಬರ್ಗ್‌ನ ಅದೇ ಕೂನ್ ಅವರ ಸಹಕಾರದಿಂದ, ಇದಕ್ಕೆ ಕಾರಣ ಸಾರಜನಕಯುಕ್ತವಾದ ಕೆಲವು ಸಕ್ಕರೆಗಳೆಂದು ತಿಳಿದುಬಂತು. ಈ ಸಕ್ಕರೆಗಳನ್ನು ಮಗು ಜೀರ್ಣಿಸಲಾರದು. ತಾಯಿ ಉಣ್ಣಿಸುವುದು ಮಗುವಿಗೆ ಮಾತ್ರವಲ್ಲ, ಅದರ ಕರುಳಿನ ಬಾಡಿಗೆದಾರರಿಗೂ!

ಕಾಮಾಲೆಗೂ ಇದಕ್ಕೂ ಸಂಬಂಧವೇನು? ರಕ್ತದಲ್ಲಿನ ಬಿಲಿರುಬಿನ್ ಎಂಬ ಹಳದಿ ವಸ್ತು ಯಕೃತ್ತಿನ ಮೂಲಕ ಪಿತ್ತದೊಂದಿಗೆ ಕರುಳಿಗಿಳಿದು ಮಲದಲ್ಲಿ ಹೊರಹೋಗಬೇಕು. ಎಳೆಯ ಶಿಶುವಿನ ಯಕೃತ್ತು ಬಲಿತಿರುವುದಿಲ್ಲ. ಮಲ ತಡೆದು ನಿಂತರಂತೂ ಇಳಿದ ಹಳದಿಯಲ್ಲಿ ಒಂದು ಪಾಲು ಮರಳಿ ರಕ್ತ ಸೇರುತ್ತದೆ. ಪ್ರಿಬಯೋಟಿಕ್‌ನಿಂದ ಬಿಫಿಡಸ್ ಬೆಳೆದು, ಮಲ ಮೆದುವಾಗಿ ಬೇಗ ಹೋದರೆ ಆ ಪಾಲು ತಗ್ಗೀತೆಂಬುದು ನಿರೀಕ್ಷೆ. ಕೆಲವು ಚಿಕ್ಕ ಪರೀಕ್ಷೆಗಳಲ್ಲಿ ಬಿಲಿರುಬಿನ್ ತಗ್ಗಿದ್ದುಂಟು. ಆದರೆ ಖಚಿತವಾಗಿ ಹೇಳಲು ಅಷ್ಟು ಪುರಾವೆ ಸಾಲದು. ಇಂದಿಗೂ ಚಿಕಿತ್ಸೆಯೆಂದರೆ ಆಸ್ಪತ್ರೆಯ ನೀಲಿ ಬೆಳಕು, ತೀವ್ರವಾದರೆ ರಕ್ತ ಬದಲಾವಣೆ. ತಿಂಗಳು ತುಂಬದ ಮಗುವಿನಲ್ಲಿ ಕಡಿಮೆ ಪ್ರಮಾಣದ ಬಿಲಿರುಬಿನ್ನೇ ಮೆದುಳಿಗೆ ಹಾನಿ ಮಾಡಬಲ್ಲದು. ಆದ್ದರಿಂದ ಮನೆಯವರು ಪುಡಿ ತಂದು ಕುಡಿಸುತ್ತ ಕಾಯುವಂತಿಲ್ಲ.

ಗ್ಯೋರ್ಗಿ 1976ರಲ್ಲಿ ತೀರಿಕೊಂಡರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಅದೇ ವರ್ಷ, ಅವರಿಲ್ಲದ ಮೇಲೆ ಬಂತು.